ಎಳೆಗೂಸಿನ ಜೊತೆ ಹೊರಗೆ ಹೊರಡುವಾಗ ಬ್ಯಾಗು ಕಟ್ಟುವುದು ಹೇಗೆ?

ಕೂಸು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮೊದಲ ಸಲ ಹೊಸಿಲು ದಾಟುವುದು ನಮ್ಮಲ್ಲಿ ಹೆಚ್ಚಾಗಿ ಒಂದೂವರೆ ತಿಂಗಳ ಚುಚ್ಚುಮದ್ದಿಗೆ. ದೇವಸ್ಥಾನ, ನೆಂಟರ ಮನೆ ಎಲ್ಲ ಆಮೇಲೆ. ನನ್ನ ದೊಡ್ಡ ಮಗಳ ಆ ದಿನ ನನಗೆ ಚೆನ್ನಾಗಿ ನೆನಪಿದೆ. ತವರುಮನೆಯಿಂದ ಲಸಿಕೆ ಕೇಂದ್ರಕ್ಕೆ ಆಟೋದಲ್ಲಿ ಹತ್ತೇ ನಿಮಿಷ. ಹೋಗಿ ಬರೋದಕ್ಕೆ ಎಷ್ಟು ಹೊತ್ತು ಎಂದುಕೊಂಡು ಎರಡು ಲಂಗೋಟಿ, ಒಂದು ಜಬಲಾ ಕೈಚೀಲಕ್ಕೆ ಹಾಕಿಕೊಂಡು ಹೊರಟೆ. ಅವತ್ತು ಅಲ್ಲಿ ಕೂತದ್ದು ಮೂರೂವರೆ ಗಂಟೆ. ಮೊದಲ ಮುಕ್ಕಾಲು ಗಂಟೆಯಲ್ಲೇ ಎರಡೂ ಲಂಗೋಟಿ ಒದ್ದೆಯಾದವು. ಮೊಮ್ಮಗನನ್ನು ಕರೆದುಕೊಂಡು ಬಂದಿದ್ದ ಅಜ್ಜಿಯೊಬ್ಬರು ಪಕ್ಕದಲ್ಲಿ ಕೂತಿದ್ದರು. ಒಗೆದು ಮಡಚಿದ ಹಳೇ ಪಂಚೆಯ ತುಂಡುಗಳನ್ನು ತಮ್ಮ ಚೀಲದಿಂದ ತೆಗೆದು ಕೊಟ್ಟರು. "ದೂರ ನೋಡಿ ಬಟ್ಟೆ ತರಬಾರದು ಮಗಾ, ಹೊತ್ತು ನೋಡಿ ತರಬೇಕು" ಅಂದರು.

ಅವತ್ತಿನಿಂದ ಇವತ್ತಿನವರೆಗೆ ನಾನು ಬ್ಯಾಗು ಕಟ್ಟುವುದು ಹಾಗೇ. ಎರಡನೇ ಮಗು ಬಂದಾಗ ಕೆಲಸ ಎಷ್ಟೋ ಹಗುರವಾಯಿತು. ಮೊದಲ ಮೂರು ತಿಂಗಳ ಕೂಸಿಗೆ ಬೇಕಾಗುವ ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಹಂತ 1: ಮೊದಲು ಹೊತ್ತಿನ ಲೆಕ್ಕ

ಎಳೆಗೂಸು ದಿನಕ್ಕೆ 8ರಿಂದ 12 ಸಲ ಹಾಲು ಕುಡಿಯುತ್ತದೆ. ಅಂದರೆ ಎರಡು ಮೂರು ಗಂಟೆಗೊಮ್ಮೆ. ಡೈಪರ್ ಹಾಕುವ ಮನೆಯಲ್ಲಿ ದಿನಕ್ಕೆ ಹತ್ತರ ಆಸುಪಾಸು ಬೇಕು. ಲಂಗೋಟಿಯಾದರೆ ಅದರ ಎರಡರಷ್ಟು, ಕೆಲವು ದಿನ ಇನ್ನೂ ಜಾಸ್ತಿ.

ಹೊರಗೆ ಎಷ್ಟು ಹೊತ್ತು ಇರಬೇಕಾಗಬಹುದು ಎಂದು ಅಂದಾಜು ಮಾಡಿ. ಅದಕ್ಕೆ ಎರಡು ಗಂಟೆ ಸೇರಿಸಿ. ಡಾಕ್ಟರ್ ತಡವಾಗಿ ಬರುತ್ತಾರೆ, ಮಳೆ ಬರುತ್ತದೆ, ಆಟೋ ಸಿಗುವುದಿಲ್ಲ. ಈ ಎರಡು ಗಂಟೆ ಅದಕ್ಕೆ. ಈಗ ಎರಡು ಗಂಟೆಗೆ ಒಂದು ಡೈಪರ್ ಎಂದು ಲೆಕ್ಕ ಹಾಕಿ, ಮೇಲೆ ಎರಡು ಇಡಿ. ಚುಚ್ಚುಮದ್ದಿಗೆ ಎರಡು ಗಂಟೆ ಹಿಡಿಯುತ್ತದೆ ಎಂದುಕೊಂಡರೆ ನಾಲ್ಕು ಗಂಟೆ ಎಂದಾಯಿತು. ಅದಕ್ಕೆ ಎರಡು ಡೈಪರ್, ಮೇಲೆ ಎರಡು. ಒಟ್ಟು ನಾಲ್ಕು. ಲಂಗೋಟಿ ಕಟ್ಟುವುದಾದರೆ ಗಂಟೆಗೆ ಎರಡರಂತೆ ಎಂಟು.

ಮೈಮೇಲಿನ ಬಟ್ಟೆಯದು ಸುಲಭ. ನಾಲ್ಕು ಗಂಟೆಯೊಳಗಾದರೆ ಒಂದು ಪೂರ್ತಿ ಜೊತೆ. ಅದಕ್ಕಿಂತ ಹೆಚ್ಚಾದರೆ ಎರಡು. ಅಮ್ಮನಿಗೂ ಒಂದು ಕುರ್ತಾ ಇಲ್ಲವೇ ಬ್ಲೌಸು. ಇದನ್ನು ಎಲ್ಲರೂ ಮರೆಯುತ್ತಾರೆ. ಕೂಸು ಹಾಲು ಕಕ್ಕುವುದು ತನ್ನ ಮೇಲಲ್ಲ, ಎತ್ತಿಕೊಂಡವರ ಹೆಗಲ ಮೇಲೆ.

ಹಂತ 2: ಯಾವ ಬ್ಯಾಗು?

ದುಬಾರಿ ಬೇಬಿ ಬ್ಯಾಗೇ ಬೇಕೆಂದಿಲ್ಲ. ಬೆನ್ನಿಗೆ ಹಾಕುವ ಸಾಧಾರಣ ಕಾಲೇಜು ಬ್ಯಾಗು ಸಾಕು. ಎರಡು ಕೈಯೂ ಖಾಲಿ ಇರುತ್ತವೆ, ಅಷ್ಟು ಮುಖ್ಯ. ಒಂದು ಹೆಗಲಿಗೆ ನೇತುಹಾಕುವ ಚೀಲ ಕೂಸನ್ನು ಬಗ್ಗಿ ಎತ್ತುವಾಗ ಜಾರಿ ಮುಂದೆ ಬರುತ್ತದೆ.

ಬ್ಯಾಗಿನ ಒಳಗೆ ಸಾಮಾನನ್ನು ಬಿಡಿಬಿಡಿಯಾಗಿ ಹಾಕಬೇಡಿ. ನಾಲ್ಕೈದು ಬಟ್ಟೆ ಚೀಲ ಅಥವಾ ಜಿಪ್ ಕವರ್ ಇಟ್ಟುಕೊಳ್ಳಿ. ಡೈಪರ್ ಒಂದರಲ್ಲಿ, ಬಟ್ಟೆ ಇನ್ನೊಂದರಲ್ಲಿ, ಕಾಗದ ಮತ್ತು ಔಷಧಿ ಮತ್ತೊಂದರಲ್ಲಿ, ಅಮ್ಮನದು ಬೇರೆ. ಒಂದೊಂದೂ ಬೇರೆ ಬಣ್ಣದ್ದಾಗಿದ್ದರೆ ಒಳ್ಳೆಯದು. ನಿಮ್ಮ ಒಂದು ಕೈಯಲ್ಲಿ ಕೂಸು ಇರುತ್ತದೆ, ಅದು ಅಳುತ್ತಿರುತ್ತದೆ. ಆಗ ನೀವು ಗಂಡನಿಗೋ ಅಮ್ಮನಿಗೋ "ಹಸಿರು ಚೀಲ ಕೊಡಿ" ಅಂದರೆ ಸಾಕು, ಅವರು ಹುಡುಕಾಡುವುದಿಲ್ಲ. ಬ್ಯಾಗು ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಿ. ಒಂದೇ ಕೈಯಲ್ಲಿ ಜಿಪ್ ಎಳೆದು ಒಂದು ಡೈಪರ್ ಹೊರಗೆ ತೆಗೆಯಿರಿ. ಬರಲಿಲ್ಲ ಅಂದರೆ ಮತ್ತೆ ಜೋಡಿಸಿ.

ಹಂತ 3: ಬಟ್ಟೆ ಮತ್ತು ಡೈಪರ್

ನಾನು ಹೊರಗೆ ಹೋಗುವಾಗ ಡೈಪರ್, ಮನೆಯಲ್ಲಿ ಲಂಗೋಟಿ. ನನ್ನ ಅಮ್ಮನಿಗೆ ಮೊದಲು ಇದು ಇಷ್ಟವಿರಲಿಲ್ಲ. "ತೊಡೆ ಸಂದಿ ಕೆಂಪಾಗುತ್ತೆ" ಅನ್ನುತ್ತಿದ್ದರು. ಅವರ ಮಾತಿನಲ್ಲಿ ಸತ್ಯ ಇದೆ. ಒದ್ದೆ ಡೈಪರನ್ನು ಹಾಗೇ ಬಿಟ್ಟರೆ ಕೆಂಪಾಗೇ ಆಗುತ್ತದೆ. ತುಂಬಿಲ್ಲ ಎಂದು ಕಾಯದೆ ಎರಡು ಮೂರು ಗಂಟೆಗೆ ಬದಲಿಸಿದರೆ, ಕಕ್ಕ ಮಾಡಿದ ತಕ್ಷಣ ತೆಗೆದರೆ ಆ ತೊಂದರೆ ಕಡಿಮೆ.

ಡೈಪರ್ ಚೀಲದಲ್ಲಿ ಇವಿಷ್ಟು ಒಟ್ಟಿಗೆ ಇರಲಿ: ಲೆಕ್ಕದ ಡೈಪರ್‌ಗಳು, ಕೂಸನ್ನು ಮಲಗಿಸಿ ಬದಲಿಸಲು ಒಂದು ರಬ್ಬರ್ ಶೀಟು, ಅದರ ಮೇಲೆ ಹಾಸಲು ಹಳೇ ಕಾಟನ್ ಸೀರೆಯ ತುಂಡು, ಒರೆಸಲು ಮೆತ್ತನೆ ಬಟ್ಟೆ, ಸಣ್ಣ ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು. ವೈಪ್ಸ್ ಬಳಸುವುದಾದರೆ ವಾಸನೆ ಇಲ್ಲದ್ದನ್ನು ತನ್ನಿ. ಕೊಳೆಯಾದದ್ದನ್ನು ಹಾಕಲು ಎರಡು ಮೂರು ಖಾಲಿ ಕವರ್ ಬೇಕೇ ಬೇಕು. ಬಟ್ಟೆಗೆ ಒಂದು, ಡೈಪರ್‌ಗೆ ಒಂದು. ಡೈಪರನ್ನು ಶೌಚಾಲಯದ ಗುಂಡಿಗೆ ಹಾಕಬೇಡಿ, ಬಸ್ಸಿನ ಕಿಟಕಿಯಿಂದಂತೂ ಎಸೆಯಲೇಬೇಡಿ. ಕಾಗದದಲ್ಲಿ ಸುತ್ತಿ, ಕಸದ ಬುಟ್ಟಿ ಸಿಗುವವರೆಗೆ ಇಟ್ಟುಕೊಳ್ಳಿ.

ಬಟ್ಟೆಯ ಚೀಲದಲ್ಲಿ ಒಂದು ಉಪಾಯ ಇದೆ. ಜಬಲಾ, ಚಡ್ಡಿ, ಕುಲಾವಿ, ಕಾಲುಚೀಲ, ಒಂದು ಲಂಗೋಟಿ ಎಲ್ಲವನ್ನೂ ಒಟ್ಟಿಗೆ ಸುರುಳಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ. ಒಂದು ಸುರುಳಿ ತೆಗೆದರೆ ಕೂಸು ತಲೆಯಿಂದ ಕಾಲಿನವರೆಗೆ ತಯಾರು. ಬಟ್ಟೆ ಬದಲಿಸಿದ ಕೂಡಲೇ ರಬ್ಬರ್ ಬ್ಯಾಂಡನ್ನು ಬ್ಯಾಗಿನ ಜೇಬಿಗೆ ಹಾಕಿಬಿಡಿ. ಅದು ಕೂಸಿನ ಹಾಸಿಗೆಯ ಹತ್ತಿರ ಬೀಳಬಾರದು.

ಚುಚ್ಚುಮದ್ದಿನ ದಿನ ಏನು ಹಾಕಿಸಬೇಕು ಎನ್ನುವುದನ್ನು ಸ್ವಲ್ಪ ಯೋಚಿಸಿ. ಸರ್ಕಾರಿ ಲಸಿಕೆ ಪಟ್ಟಿಯಲ್ಲಿ 6 ವಾರಕ್ಕೆ ಪೆಂಟಾವೇಲೆಂಟ್ (ಐದು ರೋಗಕ್ಕೆ ಒಂದೇ ಲಸಿಕೆ) ಎಡ ತೊಡೆಗೆ, ಪಿಸಿವಿ (ನ್ಯುಮೋನಿಯಾ ಲಸಿಕೆ) ಬಲ ತೊಡೆಗೆ, ಐಪಿವಿ (ಚುಚ್ಚುವ ಪೋಲಿಯೊ ಲಸಿಕೆ) ಬಲ ತೋಳಿಗೆ. ಪೋಲಿಯೊ ಮತ್ತು ಭೇದಿ ತಡೆಯುವ ರೋಟಾ ಬಾಯಿಗೆ ಹನಿ. ಅಂದರೆ ಎರಡು ತೊಡೆ, ಒಂದು ತೋಳು ಬೇಗ ಬಿಚ್ಚುವಂತಿರಬೇಕು. ಕತ್ತಿನಿಂದ ಕಾಲಿನವರೆಗೆ ಒಂದೇ ಆಗಿರುವ ಬಿಗಿ ಉಡುಪು ಎಷ್ಟೇ ಚಂದ ಕಂಡರೂ ಅವತ್ತು ಬೇಡ. ಮುಂದೆ ಲಾಡಿ ಕಟ್ಟುವ ಅರ್ಧ ತೋಳಿನ ಜಬಲಾ, ಸಡಿಲವಾದ ಚಡ್ಡಿ. ಮೇಲೆ ಒಂದು ಹೊದಿಕೆ. 10 ಮತ್ತು 14 ವಾರದ ಲಸಿಕೆಗೂ ಇದೇ ಉಡುಪು ಅನುಕೂಲ.

ಚಳಿ ಮತ್ತು ಸೆಕೆಯ ವಿಷಯ. ನಾವು ಕೂಸಿಗೆ ಹೊದಿಸುವುದು ಯಾವಾಗಲೂ ಜಾಸ್ತಿಯೇ. ಏಪ್ರಿಲ್ ತಿಂಗಳಲ್ಲೂ ಉಲನ್ ಸ್ವೆಟರ್, ಟೊಪ್ಪಿ, ಮೇಲೊಂದು ದಪ್ಪ ಹೊದಿಕೆ! ಎಳೆಗೂಸಿಗೆ ಸೆಕೆ ಆದರೆ ಹೇಳಲು ಬರುವುದಿಲ್ಲ, ತೆಗೆದುಹಾಕಲೂ ಬರುವುದಿಲ್ಲ. ನಿಮಗೆ ಆ ಹವೆಯಲ್ಲಿ ಎಷ್ಟು ಬಟ್ಟೆ ಬೇಕೋ ಅದಕ್ಕಿಂತ ಒಂದು ಪದರ ಹೆಚ್ಚು, ಅಷ್ಟು ಸಾಕು. ಬೇಸಿಗೆಯಲ್ಲಿ ಅದೂ ಬೇಡ. ಕೂಸಿನ ಕತ್ತಿನ ಹಿಂಭಾಗ ಮುಟ್ಟಿ ನೋಡಿ. ಬೆವರಿದ್ದರೆ ಒಂದು ತೆಗೆಯಿರಿ. ಕೈಕಾಲು ತಣ್ಣಗಿರುವುದು ಎಳೆಗೂಸಿನಲ್ಲಿ ಸಾಮಾನ್ಯ, ಅದನ್ನು ನೋಡಿ ಹೊದಿಸಬೇಡಿ. ದಪ್ಪ ಕೌದಿ ಒಂದರ ಬದಲು ತೆಳ್ಳನೆ ಕಾಟನ್ ಹೊದಿಕೆ ಎರಡು ಇಟ್ಟುಕೊಂಡರೆ ಬೇಕಾದಂತೆ ಹಾಕಬಹುದು, ತೆಗೆಯಬಹುದು. ಒಂದೇ ಬಟ್ಟೆ ಹೊದಿಕೆ, ಹಾಸು, ಹಾಲುಣಿಸುವಾಗ ಮರೆ ಎಲ್ಲವೂ ಆಗುತ್ತದೆ.

ಹಂತ 4: ಹಾಲು

ಎದೆಹಾಲು ಕುಡಿಸುವವರಿಗೆ ಬ್ಯಾಗಿನಲ್ಲಿ ಇಡುವ ಸಾಮಾನು ಬಹಳ ಕಡಿಮೆ. ಮುಂದೆ ಬಿಚ್ಚುವ ಬಟ್ಟೆ, ಒಂದು ಶಾಲು, ತೇಗು ಬರಿಸುವಾಗ ಹೆಗಲಿಗೆ ಹಾಕಿಕೊಳ್ಳಲು ಎರಡು ತುಂಡು ಬಟ್ಟೆ. ಆರು ತಿಂಗಳವರೆಗೆ ಕೂಸಿಗೆ ನೀರೂ ಬೇಡ. ಬಿಸಿಲಿನಲ್ಲಿ ಗಂಟಲು ಒಣಗುತ್ತದೆ ಎಂದು ಯಾರೋ ಒಂದು ಚಮಚ ನೀರು ಹಾಕಲು ಬರುತ್ತಾರೆ. ಬೇಡ ಎಂದು ಮೆಲ್ಲಗೆ ಹೇಳಿ, ಹಾಲು ಕುಡಿಸಿ. ಸೆಕೆಯ ದಿನ ಅದು ಪದೇ ಪದೇ ಕೇಳುತ್ತದೆ, ಕೊಡಿ.

ಹಾಲು ಹಿಂಡಿ ತೆಗೆದುಕೊಂಡು ಹೋಗುವುದಾದರೆ ಹೊತ್ತು ನೆನಪಿಡಿ. 25 ಡಿಗ್ರಿವರೆಗಿನ ತಂಪು ಕೋಣೆಯಲ್ಲಿ ಅದು 4 ಗಂಟೆ ಇರುತ್ತದೆ. ನಮ್ಮ ಬೇಸಿಗೆ ಅಷ್ಟು ತಂಪಲ್ಲವಲ್ಲ, ಆದ್ದರಿಂದ ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ಒಯ್ಯಿರಿ. ಹಿಂಡಿದ ಗಂಟೆಯನ್ನು ಬಾಟಲಿಯ ಮೇಲೆ ಬರೆದು ಅಂಟಿಸಿ. ಕುಡಿಸಲು ಸ್ಟೀಲಿನ ಒಳಲೆ ಇದ್ದರೆ ಅದನ್ನೇ ತನ್ನಿ. ಬಾಟಲಿ, ನಿಪ್ಪಲ್ ತೊಳೆಯುವುದಕ್ಕಿಂತ ಒಳಲೆ ತೊಳೆಯುವುದು ಎಷ್ಟೋ ಸುಲಭ. ಕುದಿಸಿ ಒಣಗಿಸಿ ಮುಚ್ಚಳದ ಡಬ್ಬಿಯಲ್ಲಿಡಿ.

ಪುಡಿ ಹಾಲು ಕೊಡುವವರು ದಯವಿಟ್ಟು ಇದನ್ನು ಗಮನವಿಟ್ಟು ಓದಿ. ಮನೆಯಲ್ಲೇ ಕಲಸಿ ಬಾಟಲಿ ತುಂಬಿಸಿಕೊಂಡು ಹೋಗಬೇಡಿ. ಕಲಸಿದ ಹಾಲನ್ನು ಹೊರಗಿಟ್ಟರೆ 2 ಗಂಟೆಯೊಳಗೆ ಮುಗಿಸಬೇಕು. ಕೂಸು ಬಾಯಿ ಹಚ್ಚಿದ್ದನ್ನು ಒಂದು ಗಂಟೆಯ ನಂತರ ಚೆಲ್ಲಬೇಕು. ಕುದಿಸಿದ ನೀರನ್ನು ಒಳ್ಳೆಯ ಫ್ಲಾಸ್ಕಿನಲ್ಲಿ ಬಿಸಿಬಿಸಿಯಾಗಿ ತುಂಬಿಸಿ. ಒಂದೊಂದು ಸಲಕ್ಕೆ ಬೇಕಾಗುವ ಪುಡಿಯನ್ನು ಅಳೆದು, ಒಣಗಿದ ಬೇರೆ ಬೇರೆ ಸಣ್ಣ ಡಬ್ಬಿಗೆ ಹಾಕಿ. ಹಸಿದಾಗ ಅಲ್ಲೇ ಕಲಸಿ. ಪುಡಿಯಲ್ಲಿರಬಹುದಾದ ರೋಗಾಣು ಸಾಯಬೇಕಾದರೆ ನೀರು ಕನಿಷ್ಠ 70 ಡಿಗ್ರಿ ಬಿಸಿ ಇರಬೇಕು. ಕಲಸಿದ ಮೇಲೆ ಬಾಟಲಿಯನ್ನು ತಣ್ಣೀರಿನ ಬಟ್ಟಲಿನಲ್ಲಿಟ್ಟು ಆರಿಸಿ. ನಿಮ್ಮ ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡಿ ಆಮೇಲೆ ಕೊಡಿ. ಆರುವುದಕ್ಕೆ ಹೊತ್ತು ಬೇಕು, ಆದ್ದರಿಂದ ಕೂಸು ಅಳುವವರೆಗೆ ಕಾಯದೆ ಬಾಯಿ ಚಪ್ಪರಿಸಲು ಶುರು ಮಾಡಿದಾಗಲೇ ಕಲಸಿ.

ಹಂತ 5: ಬಾಣಂತಿಯ ಚೀಲ

ಇದಕ್ಕೆ ಒಂದು ಬೇರೆ ಚೀಲ ಇರಲೇಬೇಕು. ಮನೆಯಲ್ಲಿ ಎಲ್ಲರೂ ಕೂಸಿನದು ಎಲ್ಲ ಇದೆಯಾ ಎಂದು ಕೇಳುತ್ತಾರೆ. ನಿನ್ನದು ಇದೆಯಾ ಎಂದು ಕೇಳುವವರು ಕಡಿಮೆ.

ಹೆರಿಗೆಯ ನಂತರದ ಸ್ರಾವ ಆರು ವಾರದವರೆಗೂ ಇರಬಹುದು. ಪ್ಯಾಡ್ ಎರಡು ಮೂರು ಇಟ್ಟುಕೊಳ್ಳಿ, ಒಂದು ಒಳ ಉಡುಪು ಕೂಡ. ಹಾಲು ಸೋರುವವರಿಗೆ ಬ್ರಾ ಒಳಗಿಡುವ ಬಟ್ಟೆ. ಕುಡಿಯುವ ನೀರು ಕನಿಷ್ಠ ಒಂದು ಲೀಟರ್. ಹಾಲುಣಿಸಲು ಕೂತ ತಕ್ಷಣ ಬಾಯಾರುತ್ತದೆ, ಆಗ ಬಾಟಲಿ ಕೈಗೆ ಸಿಗುವಂತಿರಲಿ. ತಿನ್ನಲು ಏನಾದರೂ ಗಟ್ಟಿಯಾದದ್ದು. ಅಂಟಿನ ಉಂಡೆ, ಮೆಂತ್ಯದ ಉಂಡೆ ಇದಕ್ಕೆಂದೇ ಮಾಡಿದಂತಿವೆ. ಕೆಡುವುದಿಲ್ಲ, ಒಂದೇ ಕೈಯಲ್ಲಿ ತಿನ್ನಬಹುದು, ಹೊಟ್ಟೆಯೂ ತುಂಬುತ್ತದೆ. ಡಾಕ್ಟರ್ ಕೊಟ್ಟ ಕಬ್ಬಿಣಾಂಶ ಮತ್ತು ಕ್ಯಾಲ್ಸಿಯಂ ಮಾತ್ರೆಯ ಹೊತ್ತು ಹೊರಗೇ ಬರುತ್ತದೆ ಎಂದಾದರೆ ಅದನ್ನೂ ಹಾಕಿಕೊಳ್ಳಿ.

ಸಿಸೇರಿಯನ್ ಆದವರು ಒಂದು ಸಣ್ಣ ದಿಂಬು ಒಯ್ಯಿರಿ. ಹಾಲುಣಿಸುವಾಗ ಹೊಲಿಗೆಯ ಮೇಲೆ ಕೂಸಿನ ಭಾರ ಬೀಳುವುದಿಲ್ಲ. ನನ್ನ ಎರಡನೇ ಹೆರಿಗೆ ಹಾಗಾಯಿತು. ರಸ್ತೆಯ ಉಬ್ಬು ಬಂದಾಗಲೆಲ್ಲ ಆ ದಿಂಬನ್ನು ಹೊಟ್ಟೆಗೆ ಒತ್ತಿ ಹಿಡಿಯುತ್ತಿದ್ದೆ. ಸಿಸೇರಿಯನ್ ಆದವರು ಭಾರದ ಬ್ಯಾಗನ್ನು ಎತ್ತುವುದೂ ಬೇಡ.

ಹಂತ 6: ಕಾಗದ ಮತ್ತು ಔಷಧಿ

ತಾಯಿ ಕಾರ್ಡ್ ಮೊದಲು. ಖಾಸಗಿ ಆಸ್ಪತ್ರೆಯಾದರೆ ಅಲ್ಲಿ ಕೊಟ್ಟ ಲಸಿಕೆ ಪುಸ್ತಕ. ಪ್ಲಾಸ್ಟಿಕ್ ಕವರಿನಲ್ಲಿಡಿ, ಮೊಬೈಲಿನಲ್ಲೂ ಫೋಟೋ ಇರಲಿ. ಬಸ್ಸಿನಲ್ಲಿ ಹೋಗುವ ಅಮ್ಮ, ಅಜ್ಜಿ ಇಬ್ಬರೂ ರಾಜ್ಯದ ವಿಳಾಸವಿರುವ ಆಧಾರ್ ಇಟ್ಟುಕೊಳ್ಳಿ. ಶಕ್ತಿ ಯೋಜನೆಯಲ್ಲಿ 2023ರ ಜೂನ್ 11ರಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ. ರಾಜಹಂಸ, ವೋಲ್ವೊ, ಸ್ಲೀಪರ್ ಬಸ್ಸುಗಳಿಗೆ ಅದು ನಡೆಯುವುದಿಲ್ಲ.

ಲಸಿಕೆಯ ನಂತರ ಜ್ವರ ಬರಬಹುದು. ಅದಕ್ಕೆ ಪ್ಯಾರಾಸಿಟಮಾಲ್ ಎಷ್ಟು ಕೊಡಬೇಕು ಎಂದು ಸಿಸ್ಟರ್ ಅಥವಾ ಡಾಕ್ಟರ್ ಹತ್ತಿರ ಕೇಳಿ, ಬರೆಸಿಕೊಂಡು ಬನ್ನಿ. ಅದು ಕೂಸಿನ ತೂಕದ ಮೇಲೆ ಹೋಗುತ್ತದೆ. ಇಲ್ಲಿ ಒಂದು ಅಪಾಯ ಇದೆ. ಡ್ರಾಪ್ಸ್ ಬಾಟಲಿಯಲ್ಲಿ ಹೆಚ್ಚಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಔಷಧಿ ಇರುತ್ತದೆ. ಸಾಧಾರಣ ಸಿರಪ್ಪಿನಲ್ಲಿ 5 ಎಂಎಲ್‌ಗೆ 125 ಮಿಲಿಗ್ರಾಂ. ಅಂದರೆ ಡ್ರಾಪ್ಸ್ ನಾಲ್ಕು ಪಟ್ಟು ಗಟ್ಟಿ. ಅಕ್ಕನ ಮಗುವಿಗೆ ಕೊಟ್ಟ ಸಿರಪ್ಪಿನ ಅಳತೆಯಲ್ಲಿ ನಿಮ್ಮ ಕೂಸಿಗೆ ಡ್ರಾಪ್ಸ್ ಕೊಟ್ಟರೆ ಅನಾಹುತ ಆದೀತು. ಬಾಟಲಿಯ ಜೊತೆ ಬಂದ ಡ್ರಾಪರನ್ನೇ ಬಳಸಿ.

ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚು ಜ್ವರ ಬಂದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಲಸಿಕೆ ಹಾಕಿಸಿದ ದಿನವಾಗಿದ್ದರೂ ಕೇಳಿಬಿಡಿ. ಜ್ವರವಿರಲಿ ಇಲ್ಲದಿರಲಿ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ, ಉಸಿರಾಟಕ್ಕೆ ಕಷ್ಟಪಡುತ್ತಿದ್ದರೆ ನೇರ ಆಸ್ಪತ್ರೆಗೆ. 108 ನೆನಪಿರಲಿ. ಚುಚ್ಚಿದ ಜಾಗಕ್ಕೆ ಎಣ್ಣೆ ಹಚ್ಚಿ ಉಜ್ಜಬೇಡಿ. ಲಸಿಕೆಯಾದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು. ಅದನ್ನೂ ಹೊತ್ತಿನ ಲೆಕ್ಕಕ್ಕೆ ಸೇರಿಸಿ.

ಹಂತ 7: ಜೋಡಿಸುವ ಕ್ರಮ

ಕೊನೆಗೆ ಬೇಕಾಗುವುದು ತಳಕ್ಕೆ, ಮೊದಲು ಬೇಕಾಗುವುದು ಮೇಲಕ್ಕೆ. ತಳದಲ್ಲಿ ಎರಡನೇ ಜೊತೆ ಬಟ್ಟೆ ಮತ್ತು ಅಮ್ಮನ ಕುರ್ತಾ. ಅದರ ಮೇಲೆ ಬಾಣಂತಿಯ ಚೀಲ. ಆಮೇಲೆ ಕೂಸಿನ ಒಂದು ಸುರುಳಿ ಬಟ್ಟೆ. ಎಲ್ಲಕ್ಕಿಂತ ಮೇಲೆ ಡೈಪರ್ ಚೀಲ. ಫ್ಲಾಸ್ಕು, ನೀರು ಬದಿಯ ಜೇಬಿನಲ್ಲಿ ನೆಟ್ಟಗೆ. ಕಾಗದ ಮುಂದಿನ ಜೇಬಿನಲ್ಲಿ. ತೇಗು ಬರಿಸುವ ಬಟ್ಟೆ ಬ್ಯಾಗಿನಲ್ಲೇ ಬೇಡ, ನಿಮ್ಮ ಹೆಗಲ ಮೇಲಿರಲಿ. ಹಿಂದಿನ ರಾತ್ರಿಯೇ ಕಟ್ಟಿ. ಬೆಳಿಗ್ಗೆ ಸೇರಿಸಬೇಕಾದದ್ದು ಬಿಸಿನೀರು ಮತ್ತು ಹಾಲು ಮಾತ್ರ. ಹೊರಡುವ ಮುಂಚೆ ಹಾಲು ಕುಡಿಸಿ, ಡೈಪರ್ ಬದಲಿಸಿ, ತಕ್ಷಣ ಹೊರಡಿ.

ಒಯ್ಯಬಾರದ್ದು

ಜೇನುತುಪ್ಪ ಬೇಡ. ಒಂದು ವರ್ಷದೊಳಗೆ ಅದು ಕೂಸಿಗೆ ನಿಜಕ್ಕೂ ಅಪಾಯ, ಬಾಟುಲಿಸಂ ಎಂಬ ಕಾಯಿಲೆ ತರಬಹುದು. ಗ್ರೈಪ್ ವಾಟರ್ ಬೇಡ. ಪೌಡರ್ ಬೇಡ, ಅದರ ಧೂಳು ಶ್ವಾಸಕ್ಕೆ ಹೋಗುತ್ತದೆ. ಎರಡು ತಿಂಗಳೊಳಗೆ ಸೊಳ್ಳೆ ಕ್ರೀಮ್ ಬೇಡ, ಮಡಚುವ ಸೊಳ್ಳೆ ಪರದೆ ಒಯ್ಯಿರಿ. ಆಟಿಕೆ ಸುಮ್ನೆ ಭಾರ. ಈ ವಯಸ್ಸಿಗೆ ನಿಮ್ಮ ಮುಖವೇ ಆಟಿಕೆ.

ದೃಷ್ಟಿಯ ವಿಷಯದಲ್ಲಿ ಮನೆಯ ಹಿರಿಯರ ಮನಸ್ಸು ನೋಯಿಸಬೇಕಾಗಿಲ್ಲ. ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ, ಕೆಲವು ಕಾಡಿಗೆಯಲ್ಲಿ ಸೀಸ ಇರುತ್ತದೆ. ದೃಷ್ಟಿ ಬೊಟ್ಟನ್ನು ಅಂಗಾಲಿಗೆ ಇಟ್ಟರೆ ಅಜ್ಜಿಗೂ ಸಮಾಧಾನ, ಕೂಸಿನ ಬಾಯಿಗೂ ಹೋಗುವುದಿಲ್ಲ. ಬಜೆ ಸರ, ದೃಷ್ಟಿ ಮಣಿ ಕತ್ತಿಗೆ ಕಟ್ಟಿದ್ದರೆ ಪ್ರಯಾಣಕ್ಕೆ ಮುಂಚೆ ಬಿಚ್ಚಿಡಿ. ಮಲಗಿದಾಗ ದಾರ ಕತ್ತಿಗೆ ಬಿಗಿಯಬಹುದು, ಕಿತ್ತರೆ ಮಣಿ ಗಂಟಲಿಗೆ ಹೋಗಬಹುದು.

ದೂರದ ಪ್ರಯಾಣ: ತವರಿನಿಂದ ಗಂಡನ ಮನೆಗೆ

ಮೂರನೇ ತಿಂಗಳಲ್ಲಿ ನಾನು ಶಿವಮೊಗ್ಗದಿಂದ ಬೆಂಗಳೂರಿಗೆ ಹೊರಟೆ. ಸುಮಾರು 300 ಕಿಲೋಮೀಟರ್. ಕಾರಿನಲ್ಲಿ ಏಳು ಗಂಟೆ, ನಿಲ್ಲಿಸುವುದೂ ಸೇರಿ. ಹೊತ್ತಿನ ಲೆಕ್ಕದಲ್ಲಿ ಒಂಬತ್ತು. ಡೈಪರ್ ಏಳು ಎಂದಾಯಿತು. ಮರುದಿನ ಬೆಳಿಗ್ಗೆ ಅಂಗಡಿಗೆ ಓಡುವುದು ಬೇಡವೆಂದು ಹತ್ತು ಇಟ್ಟುಕೊಂಡೆ.

ದೂರಕ್ಕೆ ಎರಡು ಬ್ಯಾಗು ಮಾಡಿ. ದಾರಿಯ ಬ್ಯಾಗು ಕೈಹತ್ತಿರ, ಉಳಿದ ತೊಟ್ಟಿಲ ಬಟ್ಟೆ, ಉಡುಗೊರೆ, ಪಾತ್ರೆ ಎಲ್ಲ ಡಿಕ್ಕಿಗೆ. ದಾರಿಯಲ್ಲಿ ಡಿಕ್ಕಿ ತೆಗೆಯುವ ಪರಿಸ್ಥಿತಿ ಬಂದರೆ ಬ್ಯಾಗು ಕಟ್ಟಿದ್ದು ಸರಿಯಾಗಿಲ್ಲ ಎಂದೇ ಅರ್ಥ.

ಕಾರಿನಲ್ಲಿ ಕೂಸಿಗೆ ಬೇಬಿ ಸೀಟು ಬೇಕು. ಹಿಂದಿನ ಸೀಟಿನಲ್ಲಿ, ಕೂಸಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ ಕಟ್ಟಬೇಕು. ಮಡಿಲೇ ಭದ್ರ ಎಂದು ನಮಗೆಲ್ಲ ಅನ್ನಿಸುತ್ತದೆ. ಆದರೆ ಜೋರಾಗಿ ಬ್ರೇಕ್ ಹಾಕಿದಾಗ ಯಾರ ಕೈಯೂ ಕೂಸನ್ನು ಹಿಡಿದುಕೊಳ್ಳಲಾರದು. ಎರಡು ಗಂಟೆಗೊಮ್ಮೆಯಾದರೂ ನಿಲ್ಲಿಸಿ, ಸೀಟಿನಿಂದ ಎತ್ತಿ, ಹಾಲು ಕುಡಿಸಿ. ನಾವು ಅರಸೀಕೆರೆಯಲ್ಲಿ ಒಮ್ಮೆ, ತಿಪಟೂರು ದಾಟಿ ಒಮ್ಮೆ, ತುಮಕೂರಿನ ಹತ್ತಿರ ಒಮ್ಮೆ ನಿಲ್ಲಿಸಿದೆವು. ಒಂದೇ ನಿಮಿಷಕ್ಕೂ ಕೂಸನ್ನು ನಿಂತ ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ.

ರೈಲು ನನಗೆ ಹೆಚ್ಚು ಇಷ್ಟ. ಐದು ವರ್ಷದೊಳಗಿನ ಮಗುವಿಗೆ ಬೇರೆ ಬರ್ತ್ ಕೇಳದಿದ್ದರೆ ಟಿಕೆಟ್ ಇಲ್ಲ. ಜನಶತಾಬ್ದಿ ಬೇಗ ಮುಟ್ಟಿಸುತ್ತದೆ, ಆದರೆ ಕೂರುವ ಸೀಟು ಮಾತ್ರ. ಕೂಸನ್ನು ಮಲಗಿಸಿ ಬಟ್ಟೆ ಬದಲಿಸಲು ಜಾಗ ಕಡಿಮೆ. ರಾತ್ರಿ ರೈಲಾದರೆ ಕೆಳಗಿನ ಬರ್ತ್ ಮಾಡಿಸಿ, ಕೂಸನ್ನು ಗೋಡೆಯ ಕಡೆ ಮಲಗಿಸಿ, ಜೊತೆಯವರು ಸರದಿಯಲ್ಲಿ ಎಚ್ಚರವಿರಿ. ಬರ್ತಿನ ಮೇಲೆ ಹಾಸಲು ಒಗೆದ ಹಳೇ ಸೀರೆ ಬ್ಯಾಗಿಗೆ ಸೇರಿಸಿ. ಕೈ ತೊಳೆಯಲು ಸೋಪಿನ ತುಂಡು ಇಟ್ಟುಕೊಳ್ಳಿ. ಕೂಸನ್ನು ಎತ್ತಿಕೊಳ್ಳಲು ಕೈ ಚಾಚುವವರಿಗೆ "ಕೈ ತೊಳೆದುಕೊಳ್ಳಿ" ಎನ್ನಲು ಸಂಕೋಚ ಬೇಡ. ಮುತ್ತು ಕೊಡುವುದು ಮಾತ್ರ ಬೇಡವೇ ಬೇಡ ಎನ್ನಿ.

ಸ್ಕೂಟರಿನಲ್ಲಿ ಹತ್ತಿರಕ್ಕೆ ಹೋಗಿ ಬರೋಣ ಎಂದು ಯಾರಾದರೂ ಕರೆದರೆ ಒಪ್ಪಬೇಡಿ. ಬೈಕಿನಲ್ಲಿ ಮಕ್ಕಳನ್ನು ಕೂರಿಸುವಾಗ ಹೆಲ್ಮೆಟ್, ಸುರಕ್ಷಾ ಪಟ್ಟಿ ಬೇಕೆಂದು 2022ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಾಗ ಹೆಲ್ಮೆಟ್ಟನ್ನು 9 ತಿಂಗಳಿಂದ ಮೇಲಿನ ಮಕ್ಕಳಿಗೆ ಹೇಳಿತು. ಅದಕ್ಕಿಂತ ಎಳೆಯ ಕೂಸಿನ ಕತ್ತು ಹೆಲ್ಮೆಟ್ಟಿನ ಭಾರವನ್ನೇ ತಡೆಯದು. ಆಟೋ ಸಿಗುವವರೆಗೆ ಕಾಯಿರಿ.

ಮನೆಗೆ ಬಂದ ಮೇಲೆ

ಎಷ್ಟೇ ಸುಸ್ತಾಗಿದ್ದರೂ ಒದ್ದೆ ಬಟ್ಟೆಯ ಕವರನ್ನು ಅವತ್ತೇ ಹೊರಗೆ ತೆಗೆಯಿರಿ. ಉಳಿದ ನೀರು ಚೆಲ್ಲಿ ಫ್ಲಾಸ್ಕು ತೊಳೆದು ಕವುಚಿ ಹಾಕಿ. ತಾಯಿ ಕಾರ್ಡಿನಲ್ಲಿ ಮುಂದಿನ ಲಸಿಕೆಯ ತಾರೀಕು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಯಾವುದು ಕಡಿಮೆ ಬಿತ್ತು, ಯಾವುದು ಮುಟ್ಟದೇ ವಾಪಸ್ ಬಂತು ಎಂದು ಒಮ್ಮೆ ನೋಡಿಕೊಳ್ಳಿ. ಖಾಲಿಯಾದ ಜಾಗಕ್ಕೆ ಹೊಸ ಡೈಪರ್, ಒಂದು ಸುರುಳಿ ಬಟ್ಟೆ ಹಾಕಿ ಬ್ಯಾಗನ್ನು ಬಾಗಿಲ ಹಿಂದೆ ನೇತುಹಾಕಿ. ಮೂರು ವಾರಕ್ಕೊಮ್ಮೆ ಆ ಸುರುಳಿ ಬಿಚ್ಚಿ ಕೂಸಿನ ಮೈಗೆ ಹಿಡಿದು ನೋಡಿ. ಒಳಗಿಟ್ಟ ಜಬಲಾ ಅಷ್ಟರಲ್ಲಿ ಚಿಕ್ಕದಾಗಿರುತ್ತದೆ. ಒಗೆದ ಪಂಚೆ ತುಂಡು ಎರಡು ಜಾಸ್ತಿ ಇರಲಿ. ಪಕ್ಕದಲ್ಲಿ ಕೂತ ಯಾರಿಗಾದರೂ ಬೇಕಾಗಬಹುದು.